ಭಾನುವಾರದ ಊಟ

ನನ್ನ ತಮ್ಮ ತೀರಿಕೊಂಡನೆಂದು ತಿಳಿದ ದಿನ ಬೆಳಗ್ಗೆ, ಆಸ್ಪತ್ರೆಯ ಬೆಂಚಿನ ಮೇಲೆ ಅವನ ದೇಹಕ್ಕಾಗಿ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ, ಅವನು ಯೀಸ್ಟ್ ಎಂಬ ಸೂಕ್ಷ್ಮಜೀವಿಗಳನ್ನು ಸಾಕುತ್ತಿದ್ದ ಪ್ರಯೋಗಾಲಯದ ಇಬ್ಬರಿದ್ದರು, ಹಿರಿಯ ವಿದ್ಯಾರ್ಥಿನಿ ಮತ್ತು ಕಿರಿಯನೊಬ್ಬ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

“ನಿನ್ನೆ ಯೀಸ್ಟಿಗೆ ಊಟ ಹಾಕಿದ್ಯಾರೋ?” ಎಂದಳು ಅವಳು.

“ಭಾನುವಾರ ಅಲ್ವಾ ಅಕ್ಕ? ಸರ್ ತಾವೇ ಹಾಕ್ತಾರಲ್ಲ.”

“ನಿನ್ನೆ ಸರ್ ಇಲ್ಲಿ ಮಲಗಿದ್ರಲ್ಲೋ!”

ಅವನು ಎದ್ದು ನಿಂತ. “ಅಯ್ಯೋ, ಹಾಗಾದ್ರೆ ಅವು ಊಟ ಮುಗಿದ ಹಳೇ ನೀರಲ್ಲೇ ಇವೆ. ಎಲ್ಲಾ ಸತ್ತುಹೋಗಿದ್ರೆ?”

“ಬಿಡ್ತು ಅನ್ನೋ. ಈಗಲೇ ಹೊಸ ಸಕ್ಕರೆ ನೀರಿಗೆ ಹಾಕಿದ್ರೆ ಒಂದಿಷ್ಟಾದ್ರೂ ಉಳೀಬಹುದು.”

“ಫ್ರೀಜರಿನಲ್ಲಿ ಬೇರೆ ಇವೆಯಲ್ಲ ಅಕ್ಕ?”

“ಅವು ಹೋದ ವರ್ಷದವು ಕಣೋ, ಬಿಸಿಗೆ ಸಾಯ್ತವೆ. ಬಿಸಿ ತಡೆಯೋ ಗುಣ ಬಂದಿದ್ದು ಅವುಗಳ ಮಕ್ಕಳು ಮೊಮ್ಮಕ್ಕಳಾದ ಇವುಗಳಿಗೆ. ಅದು ಹೇಗೆ ಬಂತು ಅಂತ ತಿಳಿಯೋಕೇ ಅಲ್ವಾ ಸರ್ ಇಷ್ಟು ವರ್ಷ ಸಾಕಿದ್ದು?”

“ಸರ್ ಮುಖ ನೋಡದೇ ಹೇಗೆ ಹೋಗೋದು?”

“ಇಲ್ಲೇ ಕೂತಿದ್ರೆ ಸರ್ ಬೈತಾರೆ.”

ಅವನು ದೇಹವಿದ್ದ ಕೋಣೆಯ ಬಾಗಿಲ ಕಡೆ ನೋಡಿದ.

“ಬೈದಿದ್ರೆ ಎಷ್ಟು ಚೆನ್ನಾಗಿರ್ತಿತ್ತು,” ಎಂದ ಅವನು.

ಅವಳು ಕಣ್ಣೊರೆಸಿಕೊಂಡು ಅವನ ತೋಳು ಹಿಡಿದೆಳೆದಳು. ಮುಚ್ಚಿದ ಬಾಗಿಲಿಗೆ ಕೈಮುಗಿದು ಇಬ್ಬರೂ ಓಡಿದರು.

ದೇವರೇ, ಅವರು ತಲುಪುವವರೆಗೆ ಆ ಸಣ್ಣ ಜೀವಗಳನ್ನು ನೀನೇ ಕಾಯಿ. ನನ್ನ ತಮ್ಮನಿಗೆ ಇನ್ನು ಅವುಗಳ ಚಿಂತೆ ಬೇಡ. ನಿನ್ನ ಪಾದದ ಬಳಿ ಅವನನ್ನು ನೆಮ್ಮದಿಯಾಗಿ ಮಲಗಗೊಡು.