ಎದೆಗವಚದ ಗುಳಿ

...ಅಯ್ಯೋ, ಗಾಜು ಮುಟ್ಟಬೇಡಿ ಅತ್ತಿಗೆ! ಆ ಕಾವಲಿನವನು ಆಗಲೇ ಎರಡು ಸಲ ಗುರಾಯಿಸಿದ. ಯಾಕೆ ನಗ್ತೀರಿ? ನಿಜ, ಯಾವ ಊರಿಗೆ ಕಾಲಿಟ್ರೂ ನನಗೆ ಮೊದಲು ಕತ್ತಿ-ಗುರಾಣಿ ಮ್ಯೂಸಿಯಮ್ಮೇ ಆಗಬೇಕು. ಮಕ್ಕಳು ಸಮುದ್ರ ಸಮುದ್ರ ಅಂತ ಕುಣೀತಿದಾರೆ, ಈ ಚಿಕ್ಕಪ್ಪ ಹಳೇ ತಗಡು ನೋಡ್ತಾ ನಿಂತಿದಾನೆ! ಅಣ್ಣ ಇದ್ದಿದ್ರೆ ಕಿವಿ ಹಿಂಡಿ ಎಳ್ಕೊಂಡು ಹೋಗ್ತಿದ್ದ.

ಆ ಗುಳೀನಾ? ಈ ಕವಚದ ಎದೆ ಮೇಲಿಂದು? ಅಲ್ಲ, ಯುದ್ಧದಲ್ಲಿ ಬಿದ್ದ ಏಟಲ್ಲ ಅದು. ಕಮ್ಮಾರನೇ ಮಾಡಿದ್ದು. ಕವಚ ಮಾರೋಕೆ ಮುಂಚೆ ಗಿರಾಕಿ ಎದುರಿಗೇ ಒಂದು ಗುಂಡು ಹೊಡೆದು ತೋರಿಸ್ತಿದ್ದ. ತೂತು ಬೀಳದೆ ಬರೀ ಗುಳಿ ಬಿದ್ರೆ ಸರಿ, ವ್ಯಾಪಾರ.

ಹೂಂ... ನಮ್ಮ ಕಾರ್ಖಾನೇಲೂ ಅದೇ. ಬುಲೆಟ್‌ಪ್ರೂಫ್ ಜಾಕೆಟ್ಟು ನೂರಕ್ಕೊಂದು ತೆಗೆದು ಗುಂಡು ಹೊಡೆದು ನೋಡ್ಬೇಕು. ಆಮೇಲೆ ನಾನು ಮುದ್ರೆ ಒತ್ತಬೇಕು. ಒತ್ತಿದೀನಿ, ಹದಿನಾರು ವರ್ಷ!

ಅಣ್ಣ ಹಾಕ್ಕೊಂಡಿದ್ದ ಜಾಕೆಟ್ಟಾ? ...ಹೌದು, ಪೊಲೀಸಿನವರಿಗೆ ಹೋಗೋದೆಲ್ಲ ನಮ್ಮದೇ. ಯಾಕೆ ಹಾಗೆ ನೋಡ್ತೀರಿ? ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಕೊಳ್ಳಲಿ? ಅಣ್ಣನಿಗೆ ಗುಂಡು ಬಿದ್ದಿದ್ದು ಕುತ್ತಿಗೆಗೆ. ಕುತ್ತಿಗೆಗೆ! ಜಾಕೆಟ್ಟಿಗೂ ಅದಕ್ಕೂ ಏನು ಸಂಬಂಧ? ಆಸ್ಪತ್ರೆ ಬಾಗಿಲಲ್ಲೇ ಹೇಳಿದ್ನಲ್ಲ... ನಿಮ್ಮ ಕೈಲಿ ನೋಡೋಕಾಗಲ್ಲ ಅಂತ ನಾನೇ ಒಳಗೆ ಬಿಡ್ಲಿಲ್ಲ.

ಬನ್ನಿ, ಪಕ್ಕದ ಕೋಣೇಲಿ ಕುದುರೆ ಕವಚ ಇದೆಯಂತೆ. ಬನ್ನಿ ಅಂದೆ!

ಯಾಕೆ ಎದೆ ಮೇಲೆ ಕೈ ಇಟ್ಕೊಂಡ್ರಿ? ನೋವಾ? ನೀರು ತರ್ಲಾ? ಮತ್ತೆ... ಆ ಕೈ ತೆಗೀರಿ ಅತ್ತಿಗೆ. ದಯವಿಟ್ಟು ತೆಗೀರಿ.

ಅಣ್ಣನ ಆ ಅಂಗಿ... ಆಸ್ಪತ್ರೆಯವರು ಚೀಲದಲ್ಲಿ ಕಟ್ಟಿ ಕೊಟ್ಟಿದ್ದು... ಬಿಚ್ಚಿ ನೋಡಿದ್ರಾ? ಅವತ್ತೇನಾ? ಎದೆ ಮೇಲಿನ ತೂತು ನೋಡಿಯೂ ಮೂರು ವರ್ಷ ನನಗೆ ಊಟ ಬಡಿಸಿದ್ರಾ, ಒಂದು ಮಾತೂ ಕೇಳದೆ?

ಬೈಯಿರಿ. ಹೊಡೀರಿ. ...ಅಣ್ಣನ ಜಾಕೆಟ್ಟಿದ್ದ ಆ ನೂರು ಹೊರಡೋ ದಿನ, ಗುಂಡು ಹೊಡೆದು ಪರೀಕ್ಷೆ ಮಾಡೋನು ರಜೆ ಹಾಕಿದ್ದ. ಲಾರಿ ಗೇಟಲ್ಲಿ ಕಾಯ್ತಿತ್ತು. ಅಲ್ಲೀತನಕ ಒಂದೂ ಫೇಲ್ ಆಗಿರಲಿಲ್ಲ, ಒಂದೇ ಒಂದೂ... ಪರೀಕ್ಷೆ ಮಾಡದೆ ನೂರಕ್ಕೂ ಮುದ್ರೆ ಒತ್ತಿಬಿಟ್ಟೆ. ಆಮೇಲೆ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ. ಯಾರಿಗೂ ಹೇಳಿಲ್ಲ. ಕಾರ್ಖಾನೇಲೂ ಹೇಳಿಲ್ಲ.

ಮಿಕ್ಕ ತೊಂಬತ್ತೊಂಬತ್ತು... ಇವತ್ತೂ ಯಾರ್ಯಾರೋ ಹಾಕ್ಕೊಂಡು ಕೆಲಸಕ್ಕೆ ಹೋಗಿದಾರೆ ಅತ್ತಿಗೆ.