ಬಿಸಿಲು ಬೀಳುವ ತೊಟ್ಟಿ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸು ತವರಿನಿಂದ ಮರಳುತ್ತಿದ್ದಳು. ಕರೆದೊಯ್ಯಲು ಬಂದಿದ್ದ ಮೈದುನ ಬ್ಯಾಗು ಹಿಡಿದು ಪಕ್ಕದಲ್ಲಿ ಕೂತಿದ್ದ.

"ಮೀನಿನ ಟ್ಯಾಂಕಿನ ಹೀಟರ್ ಯಾಕೋ ಆರಿಸಿದೆ?"

"ನೀರು ಬೆಚ್ಚಗಿದ್ರೆ ಮೀನಿಗೆ ಹತ್ತಿರೋ ಬಿಳಿ ಚುಕ್ಕೆ ರೋಗದ ಹುಳ ಬೇಗ ಮರಿ ಹಾಕುತ್ತೆ ಅಂತ ನೀವೇ ಹೇಳಿದ್ರಲ್ಲ ಅತ್ತಿಗೆ."

"ಬೇಗ ಹಾಕ್ಲಿ ಅಂತಾನೇ ಬೆಚ್ಚಗಿಟ್ಟಿದ್ದು. ಮೀನಿನ ಮೈಯಲ್ಲಿರೋವರೆಗೂ ಹುಳಕ್ಕೆ ಔಷಧಿ ತಾಗಲ್ಲ. ಅದು ಕೆಳಗಿಳಿದು ಹಾಕೋ ಮರಿಗಳು ನೀರಲ್ಲಿ ಈಜ್ತಾವಲ್ಲ, ಔಷಧಿಗೆ ಸಾಯೋದು ಅವು. ಬೆಚ್ಚಗಿದ್ರೆ ನಾಲ್ಕು ದಿನದ ಕೆಲಸ, ತಣ್ಣಗಿದ್ರೆ ತಿಂಗಳು."

"ಬಿಳಿ ಚುಕ್ಕೆ ಎಲ್ಲ ಹೋಯ್ತಲ್ಲ. ಅದಕ್ಕೇ ಔಷಧಿನೂ ನಿಲ್ಲಿಸ್ದೆ."

"ಎಲ್ಲಿಗೂ ಹೋಗಿಲ್ಲ ಕಣೋ. ಹೆರಿಗೆಗೆ ಅಂತ ತಳಕ್ಕಿಳಿದಿವೆ."

"ಹಾಗಾದ್ರೆ ಚಿಂತೆ ಬಿಡಿ. ತಳದ ಕಸ, ನೀರು ಎಲ್ಲ ನಿನ್ನೆ ಬೆಳಿಗ್ಗೆ ಪೈಪ್ ಹಾಕಿ ತೆಗೆದೆ."

"ಜಾಣ! ಎಲ್ಲಿ ಚೆಲ್ಲಿದೆ?"

"ದಂಡ ಯಾಕೆ ಅಂತ ಮಹಡಿ ಮೇಲಿನ ತೊಟ್ಟಿಗೆ ಸುರಿದೆ."

"ನನ್ನ ಮರಿಮೀನುಗಳ ತೊಟ್ಟಿಗಾ?"

"ಹೂಂ."

"ಅಲ್ಲಿ ದಿನವಿಡೀ ಬಿಸಿಲು ಕಣೋ."

ಅವನು ಬೆರಳು ಮಡಚಿ ಏನೋ ಲೆಕ್ಕ ಹಾಕತೊಡಗಿದ. ಅವಳು ಆಗಲೇ ಎದ್ದು ಬಾಗಿಲ ಕಂಬಿ ಹಿಡಿದಿದ್ದಳು.

"ಎಣಿಸೋದು ಬೇಡ, ಇಷ್ಟೊತ್ತಿಗೆ ಹೆರಿಗೆ ಆಗಿರುತ್ತೆ. ಇಳಿ ಬೇಗ."