ಬೇಕರಿಯ ಹೊರಗೆ ಮಲಗಿದ್ದ ಮಗು

‘ಅಕ್ಟೋಬರ್ ಮೂರು, ಸಾವಿರದ ಒಂಬೈನೂರ ಅರವತ್ತೇಳು. ಮಂಗಳವಾರ. ಲಿಯೋಂ. ಬೆಳಿಗ್ಗೆ ಮಂಜು, ಹತ್ತರ ನಂತರ ಬಿಸಿಲು. ಇವತ್ತು ನಾನೊಬ್ಬಳೇ ಊರು ನೋಡಿದೆ.’ ನೋಡು, ಇದೇ ಪುಟ! ಸಿಗುತ್ತೆ ಅಂತ ಹೇಳಲಿಲ್ವಾ? ಹದಿನಾಲ್ಕನೇ ವಯಸ್ಸಿನಿಂದ ಒಂದು ದಿನವೂ ತಪ್ಪಿಸಿಲ್ಲ. ಮೂರು ಹೆರಿಗೆಯ ದಿನವೂ ಬರೆದಿದ್ದೀನಿ... ನಗಬೇಡ, ನಿಜ. ಮಗು ಎಷ್ಟು ತೂಕ, ಹೊರಗೆ ಎಷ್ಟು ಚಳಿ, ಎಲ್ಲಾ ಇದೆ.

ಕಾಫಿ ತಗೋ, ಲಿಲಿಯಾನಾ. ನೀನು ಅಂತ ಕರೀಬಹುದಲ್ವಾ? ನನ್ನ ದೊಡ್ಡ ಮಗಳ ವಯಸ್ಸು ನಿನಗೆ. ಪೋರ್ಚುಗಲ್‌ನಿಂದ ಓಡೆನ್ಸೆಗೆ, ಇಷ್ಟು ದೂರ... ನಿನ್ನ ಚಿಕ್ಕಮ್ಮ ಫೆಬ್ರವರಿಯಲ್ಲಿ ತೀರಿಕೊಂಡಳು ಅಂತ ಹೇಳೋಕೆ. ಒಂದು ಕಾಗದ ಹಾಕಿದ್ದರೆ ಸಾಕಿತ್ತಪ್ಪ. ಆ ವಿಳಾಸದ ಚೀಟಿ ಇಟ್ಟುಕೊಂಡಿದ್ದಳಾ ಅವಳು? ಈ ಪುಟದ ಹಿಂದಿನ ಸಂಜೆ, ನಾನು ರೈಲಿಳಿದು ಬಂದ ಸಂಜೆ ಅವಳಿಗೆ ಬರೆದುಕೊಟ್ಟದ್ದು. ನಾನೂ ಮನೆ ಬದಲಿಸಲಿಲ್ಲ ನೋಡು, ಅಪ್ಪನ ಮನೆಯೇ.

ಅವಳ ವಿಷಯ ಕೇಳಬೇಕು ಅಂದೆಯಲ್ಲ. ಹೇಳ್ತೀನಿ, ಇರು. ಕ್ರಮವಾಗಿ ಹೇಳಿದರೆ ಚೆಂದ.

ಇಪ್ಪತ್ತು ವರ್ಷ ನನಗೆ. ಫ್ರೆಂಚ್ ಓದೋಕೆ ಹೋದವಳು. ನಮ್ಮ ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು! ಮದಾಮ್ ವೊಜಾನಿ ಅನ್ನೋರ ಮನೆಯಲ್ಲಿ ಅಟ್ಟದ ಕೋಣೆ. ಬಾಡಿಗೆಗೆ ಬದಲಾಗಿ ಅವರ ಏಳು ತಿಂಗಳ ಮಗು ತಿಬೋನನ್ನ ದಿನಾ ಬೆಳಿಗ್ಗೆ ಗಾಡಿಯಲ್ಲಿ ತಿರುಗಾಡಿಸಬೇಕು. ಪಕ್ಕದ ಕೋಣೆ ಮನೆಗೆಲಸದ ಹುಡುಗಿಯದು... ನಿನ್ನ ಚಿಕ್ಕಮ್ಮ ಡೆಯೊಲಿಂಡಾಳದು. ಹದಿನೆಂಟೋ ಹತ್ತೊಂಬತ್ತೋ.

‘ಚೌಕದ ಸುತ್ತ ಎರಡು ಸುತ್ತು, ಹನ್ನೊಂದಕ್ಕೆ ವಾಪಸ್’ ಅಂದರು ಮದಾಮ್. ಆಗಲಿ ಅಂದೆ. ಚೌಕದಲ್ಲಿ ನಿಲ್ಲೋರು ಯಾರಮ್ಮಾ! ಎರಡು ನದಿ ಇರೋ ಊರು! ನಮ್ಮೂರಲ್ಲಿ ಇರೋದೊಂದು, ಅದನ್ನ ಹಾರಿಯೇ ದಾಟಬಹುದು. ಸೇತುವೆ ದಾಟಿದೆ, ಹಳೇ ಪೇಟೆ ಹೊಕ್ಕೆ. ಗಾಡಿ ಕಲ್ಲುಹಾಸಿನ ಮೇಲೆ ಕುಲುಕಿ ಕುಲುಕಿ, ಒಂದು ಬೇಕರಿ ಎದುರು ತಿಬೋಗೆ ನಿದ್ದೆ ಹತ್ತಿತು.

ನಮ್ಮ ಕಡೆ ನಿದ್ದೆ ಬಂದ ಮಗೂನ ಏನು ಮಾಡ್ತಾರೆ? ಗಾಳಿಗೆ ಬೆನ್ನು ಮಾಡಿ ಗಾಡಿ ನಿಲ್ಲಿಸ್ತಾರೆ, ಬ್ರೇಕ್ ಹಾಕ್ತಾರೆ, ಹೊದಿಕೆ ಗಲ್ಲದವರೆಗೆ ಎಳೀತಾರೆ, ಒಳಗೆ ಹೋಗ್ತಾರೆ. ಅಷ್ಟೇ! ನಮ್ಮಮ್ಮ ನನ್ನನ್ನ ಹಿಮದಲ್ಲಿ ಮಲಗಿಸಿದ್ದಳು. ನಾನು ನನ್ನ ಮೂವರನ್ನೂ. ಕಿಟಕಿಯಿಂದ ನೋಡು, ಎದುರು ಮನೆ ಬಾಗಿಲಲ್ಲಿ ಗಾಡಿ ಕಾಣುತ್ತಾ? ಒಳಗೆ ಕೂಸಿದೆ. ಯಾರಾದರೂ ತಿರುಗಿ ನೋಡ್ತಿದಾರಾ? ಇಲ್ಲ.

ಬೇಕರಿ ಪಕ್ಕ ಒಂದು ಬಾಗಿಲು ತೆರೆದಿತ್ತು. ಆ ಊರಿನ ಚೋದ್ಯ ಅದು, ಬಾಗಿಲು ಹೊಕ್ಕರೆ ಮನೆಗಳ ಹೊಟ್ಟೆಯೊಳಗೇ ದಾರಿ! ಒಂದು ಅಂಗಳ, ಸುತ್ತು ಮೆಟ್ಟಿಲು, ಇನ್ನೊಂದು ಅಂಗಳ... ಹೊರಬಿದ್ದರೆ ಬೇರೆಯದೇ ಬೀದಿ. ಅಲ್ಲೊಂದು ಪುಸ್ತಕದ ಅಂಗಡಿ. ಗಾಬರಿನಾ? ಎಳ್ಳಷ್ಟೂ ಇಲ್ಲ. ಹೊರಗೆ ಮಲಗಿರೋ ಮಗುವಿಗೆ ಏನು ಭಯ? ಇಲ್ಲಿ ಬರೆದಿದ್ದೀನಿ, ‘ಒಂದು ಗಂಟೆ ಹತ್ತು ನಿಮಿಷ.’

ತಿರುಗಿ ಬಂದರೆ ಗಾಡಿ ಇಲ್ಲ! ಬೇಕರಿಯವಳು ಬೀದಿಗೆಲ್ಲಾ ಕೇಳೋ ಹಾಗೆ ಕಿರುಚ್ತಿದಾಳೆ, ‘ಹೆತ್ತ ಕರುಳಾ ಅದು? ಚಳೀಲಿ ಬಿಸಾಕಿ ಹೋದಳು! ತಲೆಗೆ ಹಸಿರು ವಸ್ತ್ರ ಕಟ್ಟಿದ್ದಳು, ಯಾವಳೋ ಪರದೇಶಿ! ಪೊಲೀಸರು ಹೊದಿಕೆ ಮೇಲಿನ ಹೆಸರು ನೋಡಿ ಮಗೂನ ಮನೆಗೆ ಒಯ್ದರು.’ ಬಿಸಿಲು ಬಂದಿತ್ತಲ್ಲ, ನಾನು ವಸ್ತ್ರ ಬಿಚ್ಚಿ ಚೀಲಕ್ಕೆ ತುರುಕಿದ್ದೆ. ಆ ಹೆಂಗಸು ನನ್ನನ್ನೇ ಕೇಳಿದಳು, ‘ಏ ಹುಡುಗಿ, ನೀನೇನಾದ್ರೂ ಕಂಡೆಯಾ ಅವಳನ್ನ?’

ಪ್ರತಿ ಕ್ರಿಸ್‌ಮಸ್‌ಗೆ ಮೊಮ್ಮಕ್ಕಳು ಕಾಡ್ತವೆ, ‘ಅಜ್ಜೀ, ಮಗು ಮರೆತ ಕಥೆ!’ ಕಥೆ ಇಲ್ಲಿಗೆ ಬಂದಾಗ ಏಳೂ ಜನ ಒಟ್ಟಿಗೆ, ‘ನೀನೇನಂದೆ ಅಜ್ಜೀ?’ ನಾನು, ‘ಕಾಣಲಿಲ್ಲ ಅಂದೆ!’ ಬಿದ್ದು ಬಿದ್ದು ನಗ್ತವೆ...

ನಿನಗೆ ನಗು ಬರಲಿಲ್ಲ.

ಅಷ್ಟೇ, ಕಥೆ ಮುಗೀತು. ಮಗು ಚೆನ್ನಾಗಿತ್ತು. ಮದಾಮ್ ಒಂದಿಷ್ಟು ಬೈದರು. ಡೆಯೊಲಿಂಡಾ... ಅವಳು ಆಮೇಲೆ ಊರಿಗೆ ಹೋದಳು ಅಂತ ಕಾಣುತ್ತೆ. ಮನೆ ನೆನಪಾಗಿರಬೇಕು. ಕೇಕ್ ತಗೋ. ಬೇಡವಾ?

ಯಾಕೆ ಪುಟ ನೋಡ್ತಿದ್ದೀಯ? ಹೌದು, ‘ಹತ್ತು ನಿಮಿಷ’ಕ್ಕೆ ನಿಂತಿದೆ. ಮುಂದೆ ಖಾಲಿ. ಮರುದಿನ... ‘ಮಂಜು.’ ಹೌದು, ಒಂದೇ ಮಾತು. ಸುಸ್ತಾಗಿತ್ತೇನೋ.

ಏನಾದರೂ ಕೇಳು ಲಿಲಿಯಾನಾ. ಬೇಕಾದರೆ ಬೈ.

ನಿನಗೆ ಗೊತ್ತು. ಅವಳು ಹೇಳಿದ್ದಾಳೆ. ಯಾರೂ ನಂಬಲಿಲ್ಲ, ಅಲ್ವಾ? ಓದಿದ ಹುಡುಗಿ ಯಾಕೆ ಸುಳ್ಳು ಹೇಳ್ತಾಳೆ ಅಂದಿರಬೇಕು.

ವಸ್ತ್ರ ಅವಳದು. ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕಳು. ‘ತಲೆ... ಚಳಿ... ತಗೋ,’ ಅಷ್ಟೇ ಅವಳ ಫ್ರೆಂಚ್. ತನ್ನ ತಲೆಯದನ್ನೇ ಬಿಚ್ಚಿ ನನಗೆ ಕಟ್ಟಿದಳು, ಗಂಟು ಸರಿಮಾಡಿದಳು, ಕೆನ್ನೆ ತಟ್ಟಿದಳು.

ನಾನು ಮನೆ ಮುಟ್ಟಿದಾಗ ಇಬ್ಬರು ಪೊಲೀಸರು. ಮದಾಮ್ ಮಗೂನ ಅವುಚಿಕೊಂಡು, ‘ನಿನ್ನ ಕೈಗೆ ಕೊಟ್ಟಿದ್ದೆ! ನಿನ್ನ ಕೈಗೆ!’ ಅಂತ. ಇವತ್ತೇ ಗಂಟುಮೂಟೆ ಕಟ್ಟಿಸ್ತಾರೆ ಅನ್ನಿಸಿತು. ಒಂದೇ ದಿನಕ್ಕೆ ವಾಪಸ್ಸಾ? ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಅಪ್ಪ, ಹೂ ಕೊಟ್ಟು ಕಳಿಸಿದ್ದ ಮೇಷ್ಟರು, ಅವರಿಗೆ ಹೇಗೆ ಮುಖ ತೋರಿಸಲಿ... ನಾನು ಹೇಳಿದೆ, ‘ಗೇಟಿನ ಹತ್ತಿರ ಡೆಯೊಲಿಂಡಾ ಗಾಡಿ ತಗೊಂಡಳು, ನಾನು ಕಾಲೇಜಿಗೆ ಹೋಗಿದ್ದೆ.’ ಒಂದೇ ವಾಕ್ಯ. ಒಂದೂ ತಪ್ಪಿಲ್ಲದ ಫ್ರೆಂಚ್.

ಅವಳು ಸಂತೆಯಿಂದ ಬಂದಳು, ಬುಟ್ಟಿ ತುಂಬ ಸೊಪ್ಪು. ಪೊಲೀಸ್ ಕೇಳಿದ, ‘ಹಸಿರು ವಸ್ತ್ರ ನಿನ್ನದೇನಾ?’ ಅವಳಿಗೆ ಅಷ್ಟು ಅರ್ಥವಾಯಿತು. ನಾನು ಹಿಂದಿರುಗಿಸೋಕೆ ಬಂದಿದ್ದೀನಿ ಅಂದುಕೊಂಡಳೋ ಏನೋ... ನನ್ನ ಕಡೆ ನೋಡಿ ನಕ್ಕಳು. ‘ಹೌದು, ನನ್ನದು, ನನ್ನದು!’ ಅಂದಳು. ಆಮೇಲೆ ಅವನು ಕಾಗದಪತ್ರ ಕೇಳಿದ. ಬೆಟ್ಟ ಹತ್ತಿಳಿದು ಕದ್ದು ಗಡಿ ದಾಟಿದವಳಿಗೆ ಎಲ್ಲಿಯ ಕಾಗದ?

ಕರೆದುಕೊಂಡು ಹೋದರು. ನಾನು ಬುಟ್ಟಿ ಎತ್ತಿ ಅಡುಗೆಮನೆಯಲ್ಲಿಟ್ಟೆ.

ಒಂದು ಮಾತು ಸಾಕಿತ್ತು, ಅವತ್ತೇ. ಮರುದಿನವಾದರೂ. ಈ ಕೈ ಬರೀಲಿಲ್ಲ.

ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅವಳ ಮದುವೆ ಮುರೀತು, ನಿಮ್ಮಮ್ಮ ಒಡಹುಟ್ಟಿದ ತಂಗಿಯ ಕೈಗೆ ನಿನ್ನನ್ನ ಕೊಡಲಿಲ್ಲ ಅಂತ. ಹೆತ್ತು ಮೂರನೇ ದಿನ ನೋಡೋಕೆ ಬಂದವಳನ್ನ, ‘ಅಲ್ಲೇ ನಿಂತು ನೋಡು’ ಅಂದಳಂತಲ್ಲ... ರಾತ್ರಿಯೆಲ್ಲ ಅದೇ ಕಿವಿಯಲ್ಲಿ.

ನಿಮ್ಮಮ್ಮನಿಗೆ ಕಣ್ಣು ಕಾಣುತ್ತಾ? ಇಲ್ಲವಾ? ಹಾಗಾದರೆ ನೀನೇ ಓದಿ ಹೇಳು. ಪೆನ್ನು ಕೊಡು. ಇಲ್ಲೇ, ಈ ಖಾಲಿಯಲ್ಲೇ ಬರೀತೀನಿ, ಆಮೇಲೆ ಹಾಳೆ ಹರಿದುಕೋ. ಬರೀತಾ ಬರೀತಾ ಜೋರಾಗಿ ಓದ್ತೀನಿ, ತಪ್ಪಿದ್ದರೆ ತಡಿ.

‘ಮೇ ಹದಿನೈದು, ಎರಡು ಸಾವಿರದ ಇಪ್ಪತ್ತೈದು. ಗುರುವಾರ. ಅವತ್ತು ಮಗುವನ್ನು ಬೀದಿಯಲ್ಲಿ ಬಿಟ್ಟು ಹೋದವಳು ನಾನು, ಗ್ರೇಥೆ ಲಿಂಡ್‌ಸ್ಕೋವ್. ಡೆಯೊಲಿಂಡಾ ಆ ಗಾಡಿಯನ್ನು ಮುಟ್ಟಿರಲಿಲ್ಲ. ನಾನು ಸುಳ್ಳು ಹೇಳಿದ್ದರಿಂದ ಅವಳು...’ ಎಷ್ಟು ದಿನ ಒಳಗಿಟ್ಟಿದ್ದರು? ಒಂಬತ್ತಾ? ‘...ಒಂಬತ್ತು ದಿನ ಲಾಕಪ್ಪಿನಲ್ಲಿದ್ದಳು. ಕೆಲಸ ಹೋಯಿತು. ಅವಳನ್ನು ಊರಿಗೆ ಅಟ್ಟಿದರು, ಅಪವಾದವೂ ಜೊತೆಗೆ ಹೋಯಿತು. ಗೊತ್ತಾಗಿದ್ದ ಮದುವೆ ಮುರಿಯಿತು, ಮತ್ತೆ ಆಗಲಿಲ್ಲ. ಸಾಯುವವರೆಗೆ, ಐವತ್ತೇಳು ವರ್ಷ ನಾಲ್ಕು ತಿಂಗಳು, ಊರಿನಲ್ಲಿ ಯಾರೂ ಅವಳ ಕೈಗೆ ಮಗುವನ್ನು ಕೊಡಲಿಲ್ಲ. ನಾನು ಎರಡು ವರ್ಷ ಅದೇ ಮನೆಯಲ್ಲಿದ್ದು ಓದಿದೆ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಫ್ರೆಂಚ್ ಕಲಿಸಿದೆ. ನನ್ನದು ಏನೂ ಹೋಗಲಿಲ್ಲ.’